ನಾನು ಹೋಗದ ಗವಿಯ ನಕ್ಷೆ

ಆ ನಕ್ಷೆಯ ಕೆಳಗೆ, ಬಲಮೂಲೆಯಲ್ಲಿ, ನನ್ನ ಸಹಿ ಇದೆ. ಸಹಿಯ ಮೇಲೆ ನನ್ನದೇ ದುಂಡನೆಯ ಅಕ್ಷರದಲ್ಲಿ ‘ಖುದ್ದಾಗಿ ಸ್ಥಳ ನೋಡಿ, ಒಳಹೊಕ್ಕು ಅಳತೆ ಮಾಡಿ ತಯಾರಿಸಲಾಗಿದೆ’ ಎಂದು ಬರೆದಿದೆ. ಅದರಲ್ಲಿ ‘ಒಳಹೊಕ್ಕು’ ಎಂಬ ಒಂದು ಪದ ಸುಳ್ಳು. ಆಮೇಲೆ ಆದದ್ದೆಲ್ಲ ಆ ಒಂದು ಪದದಿಂದ ಆದದ್ದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಸರ್ವೇಯರ್. ಹುಟ್ಟಿದ್ದು ಜಗಳೂರಿನ ಬಯಲಲ್ಲಿ, ಸಂಸಾರ ಹೊನ್ನಾಳಿಯಲ್ಲಿ. ನನ್ನ ಅಳತೆ ತಪ್ಪಿತು ಎಂದು ಯಾವ ರೈತನೂ ತಕರಾರು ತಂದಿರಲಿಲ್ಲ. ಅದರ ಜಂಬ ನನಗೆ ಬೇಕಾದಷ್ಟಿತ್ತು. ಬದು ಒತ್ತುವರಿ ಮಾಡಿದವರನ್ನು ಹೊಲದ ನಡುವೆಯೇ ನಿಲ್ಲಿಸಿಕೊಂಡು ಬೈಯುತ್ತಿದ್ದೆ. ಅಳತೆಯ ಸರಪಳಿ ಸಡಿಲ ಹಿಡಿದ ಆಳಿಗೆ ಆ ದಿನ ನನ್ನ ಬಾಯಿಂದ ಬಿಡುಗಡೆ ಇರುತ್ತಿರಲಿಲ್ಲ.

ಒಂದು ದಿನ ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರು ಕಚೇರಿಗೆ ಬಂದರು. ಕಾಲೇಜಿನಲ್ಲಿ ಪಾಠ ಹೇಳುವವರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಒಂದು ಕಾಲು ಸಣ್ಣಗಾಗಿತ್ತು, ಕೋಲು ಊರಿಕೊಂಡೇ ನಡೆಯುತ್ತಿದ್ದರು. ಕೈಚೀಲದಿಂದ ಒಂದು ಗಾಜಿನ ಸೀಸೆ ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದರೊಳಗೆ ಅಕ್ಕಿಕಾಳಿನಷ್ಟು ಉದ್ದದ, ಅಕ್ಕಿಯಷ್ಟೇ ಬೆಳ್ಳಗಿನ ಎರಡು ಹುಳಗಳಿದ್ದವು. ಸಣ್ಣ ಸಣ್ಣ ಕಾಲುಗಳು ಬಹಳ ಇದ್ದವು. ಕಣ್ಣು ಇರಲಿಲ್ಲ.

“ನ್ಯಾಮತಿ ಹತ್ರ ಸುಣ್ಣದಕಲ್ಲಿನ ಗುಡ್ಡ ಐತಲ್ಲ, ಅದರ ಗವೀಲಿ ಸಿಕ್ಕಿದ್ದು” ಎಂದರು. “ಸುತ್ತ ಇರೋ ಗವಿ ಎಲ್ಲ ಹುಡುಕಿಸಿದೀನಿ. ಇನ್ನೆಲ್ಲೂ ಇಲ್ಲ. ಆ ಗವಿ ಹೋದ್ರೆ ಇದೂ ಹೋದಂಗೆ.”

“ಹುಳಕ್ಕೂ ಸರ್ವೇ ಮಾಡಾಕೆ ಬರ್ತೈತೇನ್ರಿ ಮೇಷ್ಟ್ರೇ?” ಎಂದು ನಕ್ಕೆ. ಪಕ್ಕದ ಮೇಜಿನವರೂ ನಕ್ಕರು.

ಅವರು ಬೇಸರ ಮಾಡಿಕೊಳ್ಳಲಿಲ್ಲ. “ಹುಲಿಗೆ ಕಾಯ್ದೆ ಐತೆ, ಆನೆಗೆ ಐತೆ. ಇದು ಆ ಪಟ್ಟೀಲಿಲ್ಲ. ಇದಕ್ಕಿನ್ನೂ ಯಾರೂ ಹೆಸರೇ ಇಟ್ಟಿಲ್ಲ, ಹೆಸರಿಲ್ಲದ್ದನ್ನ ಪಟ್ಟೀಲಿ ಹೆಂಗೆ ಬರೀತಾರೆ? ಹುಳಕ್ಕೆ ಕಾನೂನಿಲ್ಲ, ನೆಲಕ್ಕೆ ಐತಲ್ಲ. ನೆಲ ಉಳಿಸಿದ್ರೆ ಇದೂ ಉಳೀತೈತೆ” ಎಂದರು.

ಅವರು ಕಾನೂನನ್ನು ಸರಿಯಾಗಿಯೇ ಓದಿಕೊಂಡಿದ್ದರು. ಗುಡ್ಡ ಸರ್ಕಾರಿ ಖರಾಬು, ಅಂದರೆ ಯಾರಿಗೂ ಸಾಗುವಳಿಗೆ ಕೊಡದ ಜಮೀನು. ಅಂಥ ನೆಲವನ್ನು ಸಾರ್ವಜನಿಕ ಉದ್ದೇಶಕ್ಕೆಂದು ಕಾದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಮೇಷ್ಟ್ರು ಅರ್ಜಿ ಕೊಟ್ಟಾಗಿತ್ತು. ಗವಿ ಎಲ್ಲಿಂದ ಎಲ್ಲಿಯವರೆಗೆ ಇದೆ, ಯಾವ ಸರ್ವೆ ನಂಬರಿನಲ್ಲಿ ಬರುತ್ತದೆ ಎಂದು ನಕ್ಷೆ ಹಾಕಿ ಕಳಿಸುವುದು ನನ್ನ ಕೆಲಸ. ನಕ್ಷೆಯಲ್ಲಿ ಬಂದ ನೆಲ ಉಳಿಯುತ್ತದೆ, ಬಾರದ್ದು ಉಳಿಯುವುದಿಲ್ಲ.

ಹೊರಡುವಾಗ ಮೇಷ್ಟ್ರು ಕೋಲನ್ನು ತೋರಿಸಿ, “ನನ್ನ ಕೈಲಿ ಒಳಗೆ ತೆವಳಾಕೆ ಆಗಲ್ಲ. ನೀವು ಹೋಗಿ ಬಂದ್ರೆ ನಾನು ಹೋದಂಗೆ” ಎಂದರು.

ಗುಡ್ಡಕ್ಕೆ ಹೋದ ದಿನ ನನ್ನ ಜೊತೆ ಸರಪಳಿ ಹಿಡಿಯುವ ಇಬ್ಬರು ಆಳುಗಳಿದ್ದರು. ಗುಡ್ಡದ ಬುಡದ ಊರಿನಿಂದ ಒಬ್ಬ ಅಜ್ಜಿಯನ್ನು ಮೇಷ್ಟ್ರು ಹೇಳಿ ಕರೆಸಿದ್ದರು. ಮೇಷ್ಟ್ರಿಗೆ ಹುಳ ತಂದುಕೊಟ್ಟವಳು ಅವಳೇ. ಹಬ್ಬಕ್ಕೆ ಮುಂಚೆ ಒಲೆ, ಗೋಡೆ ಸಾರಿಸಲು ಬಿಳಿ ಮಣ್ಣು ತರುವುದಕ್ಕೆ ಆ ಊರಿನ ಹೆಂಗಸರು ಆ ಗವಿಗೆ ಹೋಗುತ್ತಿದ್ದರು. ಗಂಡಸರು ಹೋಗುತ್ತಿರಲಿಲ್ಲ. ಹೆಂಗಸರಲ್ಲೂ ತುದಿಯವರೆಗೆ ಹೋಗಿ ಬರುತ್ತಿದ್ದವಳು ಈ ಅಜ್ಜಿಯೊಬ್ಬಳೇ. ಒಣಗಿದ ಮೈ, ಬೆಂಡಿನಷ್ಟು ಹಗುರ. ದೀಪ ಒಯ್ಯುವ ಪದ್ಧತಿ ಇರಲಿಲ್ಲ, ಹುಳ ಹರಿದದ್ದೂ ಅಂಗೈಗೇ ತಿಳಿಯುತ್ತಿತ್ತು.

“ಬಲಗೈ ಗ್ವಾಡಿ ಬಿಡಬಾರ್ದು ಸಾಹೇಬ್ರೆ. ಎಡಕ್ಕೆ ನೀರು ಜಿನುಗ್ತೈತೆ, ಅಲ್ಲಿ ಮಣ್ಣು ತೆಗೆಯಂಗಿಲ್ಲ. ಅದು ಕಣ್ಣಿಲ್ಲದವ್ವನ ಪಾಲು” ಎಂದಳು. ಕಣ್ಣಿಲ್ಲದವ್ವ ಎಂದರೆ ಆ ಹುಳ.

ಗವಿಯ ಬಾಯಿ ತೆಂಕಲಿಗಿತ್ತು. ನಾನು ಬಗ್ಗಿ ನೋಡಿದೆ. ಹೊಟ್ಟೆಯ ಮೇಲೆ ತೆವಳಿದರಷ್ಟೇ ಮೈ ಹಿಡಿಸುವ ಕಿಂಡಿ. ತಣ್ಣನೆಯ ಗಾಳಿ ಮುಖಕ್ಕೆ ಬಂತು. ತಲೆಯನ್ನೂ ಒಂದು ಭುಜವನ್ನೂ ಒಳಗೆ ತೂರಿಸಿದೆ. ನಾಲ್ಕು ದಿಕ್ಕಿಗೂ ಆಕಾಶ ಕಾಣುವ ಊರಲ್ಲಿ ಬೆಳೆದವನು ನಾನು. ಬೆನ್ನ ಮೇಲೆ ಒಂದು ಗುಡ್ಡವನ್ನೇ ಹೊತ್ತು ಮಲಗುವುದು ನನ್ನಿಂದಾಗಲಿಲ್ಲ. ಹೆದರಿದೆ. ಇವತ್ತು ಅದನ್ನು ಬರೆಯಲು ಏನೂ ಕಷ್ಟವಿಲ್ಲ. ಅವತ್ತು ಇಬ್ಬರು ಆಳುಗಳು, ಒಬ್ಬಳು ಮುದುಕಿ ನೋಡುತ್ತಿರುವಾಗ ಬಾಯಿ ಬಿಟ್ಟು ಹೇಳಲು ಆಗಲಿಲ್ಲ. ಹಿಂದೆ ಸರಿದು, ಪ್ಯಾಂಟಿನ ಮಣ್ಣು ಕೊಡವಿಕೊಂಡು, “ಸರ್ಕಾರಿ ನೌಕರ ಹಿಂಗೆಲ್ಲ ತೆವಳಾಕೆ ಬರಲ್ಲ. ಅಜ್ಜಿ, ನೀನೇ ಹಗ್ಗ ತಗೊಂಡು ಹೋಗು” ಎಂದೆ.

ಬುದ್ಧಿವಂತಿಕೆ ನೋಡಿ ನನ್ನದು! ಹಗ್ಗದ ತುದಿ ಅವಳ ಸೊಂಟಕ್ಕೆ, ಈ ಕಡೆಯದು ನನ್ನ ಕೈಯಲ್ಲಿ. ತುದಿ ಮುಟ್ಟಿದ ಮೇಲೆ ಒಂದು ಸಲ ಎಳಿ ಎಂದು ಹೇಳಿದೆ. ಎಷ್ಟು ಹಗ್ಗ ಒಳಗೆ ಹೋಯಿತೋ ಅದನ್ನು ಹೊರಗೆ ಚಾಚಿ ಸರಪಳಿಯಿಂದ ಅಳೆದರಾಯಿತು. ಅವಳು ತಲೆಗೆ ಸೆರಗು ಬಿಗಿದು ಒಳಗೆ ಹೋದಳು. ಹಗ್ಗ ನನ್ನ ಅಂಗೈಯಿಂದ ಮೆಲ್ಲಗೆ ಜಾರುತ್ತಾ ಹೋಯಿತು. ಬಹಳ ಹೊತ್ತಿನ ಮೇಲೆ ನಿಂತಿತು. ಆಮೇಲೆ ಎಳೆತ ಬಂತು. ಒಂದಲ್ಲ, ಮೂರು. ಒಂದು ಸಲ ಎಂದು ಹೇಳಿದರೆ ಮೂರು ಸಲ ಎಳೆಯುತ್ತಾಳಲ್ಲ, ಇವಳಿಗೆ ಲೆಕ್ಕ ಬರುವುದಿಲ್ಲ ಎಂದು ಆಳುಗಳ ಮುಂದೆ ಗೊಣಗಿದೆ. ಇನ್ನೂ ಸ್ವಲ್ಪ ಹೊತ್ತು ಅವಳು ಬರಲಿಲ್ಲ. ನಾನೇ ಹಗ್ಗ ಜಗ್ಗಿ, “ಬಾರಮ್ಮೋ, ಬಿಸಿಲು ಏರ್ತೈತೆ!” ಎಂದು ಕೂಗಿದೆ.

ಹಗ್ಗ ಎರಡು ಸರಪಳಿ ಆರು ಆಣೆ ಬಂತು. ನಮ್ಮ ಸರಪಳಿ ಮೂವತ್ತಮೂರು ಅಡಿಯದು. ಅದರ ಹದಿನಾರನೇ ಒಂದು ಪಾಲಿಗೆ ಆಣೆ ಎನ್ನುತ್ತಿದ್ದೆವು. ಒಟ್ಟು ಎಪ್ಪತ್ತೆಂಟು ಅಡಿ. ಅಜ್ಜಿ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಹೊರಬಂದು, ಉಸಿರು ತಿರುಗಿದ ಮೇಲೆ, “ಸ್ವಲ್ಪ ದೂರ ಹೋದ ಮ್ಯಾಲೆ ಬಲಕ್ಕೆ ತಿರುಗ್ತೈತೆ ಸಾಹೇಬ್ರೆ. ಅದನ್ನೂ ಬರ್ಕಳ್ರಿ” ಎಂದಳು.

“ಕತ್ತಲಾಗೆ ನಿಂಗೆ ಬಲ ಯಾವ್ದು ಎಡ ಯಾವ್ದು ಹೆಂಗೆ ಗೊತ್ತಾಗ್ತೈತೆ? ಸುಮ್ನಿರು” ಎಂದೆ. ಬಲಗೈ ಗೋಡೆ ಬಿಡದೆ ಹೋಗುವವಳಿಗೆ ನಾನು ಹೇಳಿದ ಮಾತು ಇದು.

ಕಚೇರಿಗೆ ಬಂದು ನಕ್ಷೆ ಹಾಕಿದೆ. ಉದ್ದ ನನ್ನ ಹತ್ತಿರ ಇತ್ತು, ದಿಕ್ಕು ಇರಲಿಲ್ಲ. ಗವಿಯ ಬಾಯಿಂದ ನೇರವಾಗಿ ಬಡಗಲಿಗೆ, ಗುಡ್ಡದ ಹೊಟ್ಟೆಯೊಳಕ್ಕೆ ಒಂದು ಗೆರೆ ಎಳೆದೆ. ನೋಡಲು ಅಂದವಾಗಿಯೂ ಇತ್ತು. ಆ ಗೆರೆಯ ಪ್ರಕಾರ ಇಡೀ ಗವಿ ಒಂದೇ ನಂಬರಿನಲ್ಲಿ ಬರುತ್ತಿತ್ತು. ಮೂಡಲ ಗಡಿಕಲ್ಲು ಗವಿಯ ಬಾಯಿಗೆ ಒಂದು ಸರಪಳಿಯಷ್ಟೂ ದೂರವಿರಲಿಲ್ಲ. ಆದರೆ ಗೆರೆ ಮೂಡಲಿಗೆ ತಿರುಗಿದರೆ ತಾನೇ ಪಕ್ಕದ ನಂಬರಿನ ಚಿಂತೆ? ಆ ಪಕ್ಕದ ನಂಬರೂ ಸರ್ಕಾರಿ ಖರಾಬೇ. ಇದನ್ನೂ ಸೇರಿಸಿಕೊಳ್ಳಿ ಎಂದು ಒಂದು ಸಾಲು ಬರೆದಿದ್ದರೆ ಸೇರಿಸಿಕೊಳ್ಳುತ್ತಿದ್ದರು, ಯಾರ ಅಡ್ಡಿಯೂ ಇರಲಿಲ್ಲ. ಆ ಸಾಲು ಬರೆಯಲಿಲ್ಲ. ‘ಒಳಹೊಕ್ಕು’ ಎಂದು ಮಾತ್ರ ಬರೆದೆ.

ವಾರದ ಮೇಲೆ ಮೇಷ್ಟ್ರು ಬಂದು, ಮಕ್ಕಳಂತೆ ಮುಖ ಅರಳಿಸಿ, “ಒಳಗೆ ಹೆಂಗಿತ್ತು ಹೇಳ್ರಿ” ಎಂದು ಕುಳಿತರು. ಆಗಲಾದರೂ ಹೇಳಬಹುದಿತ್ತು. ಎದುರಿಗೆ ನಾವಿಬ್ಬರೇ. ಹೇಳಲಿಲ್ಲ. ತಣ್ಣಗಿತ್ತು ಎಂದೆ. ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು ಎಂದೆ. ಒಂದು ಕಡೆ ಎದ್ದು ನಿಲ್ಲುವಷ್ಟು ಎತ್ತರವಿತ್ತು, ಹುಳಗಳು ನೀರಿನ ಅಂಚಿನಲ್ಲಿ ಹರಿದಾಡುತ್ತಿದ್ದವು ಎಂದೆ. ಅಜ್ಜಿಯ ಬಾಯಲ್ಲಿ ಕೇಳಿದ ಎರಡು ಮಾತಿಗೆ ನನ್ನದು ಹತ್ತು ಸೇರಿಸಿದೆ. ಅವರು ಒಂದಕ್ಷರ ಬಿಡದೆ ಹಾಳೆಯ ಮೇಲೆ ಬರೆದುಕೊಂಡರು. ಥೂ ನನ್ನ ಬಾಯಿಗೆ!

ಆದೇಶ ಆಯಿತು. ಗವಿಯ ನಂಬರನ್ನು ಕಾದಿರಿಸಿದರು. ಗವಿಯ ಬಾಯಿಯ ಹತ್ತಿರ ತಗಡಿನ ಫಲಕ ನೆಟ್ಟರು: ಇಲ್ಲಿ ಕಲ್ಲು ಒಡೆಯಕೂಡದು, ಅಗೆಯಕೂಡದು. ಮೇಷ್ಟ್ರು ನಮ್ಮ ಮನೆಯವರೆಗೆ ಕೋಲೂರಿಕೊಂಡು ಬಂದು ಬಾಳೆಹಣ್ಣು ಕೊಟ್ಟು ಹೋದರು. ಹೆಂಡತಿ ಖುಷಿಯಿಂದ ಅವನ್ನು ದೇವರ ಮುಂದಿಟ್ಟಳು. ನಾನು ಒಂದನ್ನೂ ಮುಟ್ಟಲಿಲ್ಲ.

ಎರಡು ವರ್ಷ ಹೀಗೇ ಹೋಯಿತು. ಆಮೇಲೆ ಸುಣ್ಣದ ಗೂಡು ನಡೆಸುವವರೊಬ್ಬರು ಮೂಡಲ ನಂಬರಿನಲ್ಲಿ ಕಲ್ಲು ಒಡೆಯಲು ಪರವಾನಗಿ ಕೇಳಿದರು. ಅಜ್ಜಿ ತಾನೇ ಬಸ್ಸು ಹತ್ತಿ ಹೋಗಿ ಮೇಷ್ಟ್ರಿಗೆ ಹೇಳಿ ಬಂದಳಂತೆ, ಅಲ್ಲಿ ಒಡೆದರೆ ಗವಿಯ ತಲೆಯ ಮೇಲೆ ಒಡೆದಂಗೆ ಎಂದು. ಮೇಷ್ಟ್ರು ತಕರಾರು ಅರ್ಜಿ ಹಾಕಿದರು. ಪರೀಕ್ಷೆಯ ಕೆಲಸಕ್ಕೆ ಅವರನ್ನು ಬೇರೆ ಊರಿಗೆ ಹಾಕಿದ್ದರಿಂದ ಸ್ಥಳ ತನಿಖೆಯ ದಿನ ಬರಲಾಗಲಿಲ್ಲ.

ತಹಶೀಲ್ದಾರರು ಗುಡ್ಡದ ಮೇಲೆ ಜೀಪಿನಿಂದಿಳಿದು ನಿಂತರು. ಊರಿನವರು ಸುತ್ತ ಸೇರಿದ್ದರು. ಅಜ್ಜಿ ಮುಂದೆ ಬಂದು ಕೈ ಮುಗಿದಳು.

“ಗವಿ ಇಲ್ಲಿಗೆ ಬರ್ತೈತೆ ಬುದ್ಧಿ. ಒಳಗೆ ಬಲಕ್ಕೆ ತಿರುಗ್ತೈತೆ. ಹಗ್ಗ ಒಯ್ದಾಕಿ ನಾನೇ.”

ತಹಶೀಲ್ದಾರರು ಕಡತ ಬಿಡಿಸಿ ನನ್ನ ನಕ್ಷೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. “ನೇರ ಇದೆಯಲ್ಲ ಇಲ್ಲಿ. ಏನು ಸರ್ವೇಯರೇ?”

ಇಡೀ ಕಥೆಯಲ್ಲಿ ನಾನು ನಿಜವಾಗಿ ಯೋಚಿಸಿ ಬಾಯಿ ಬಿಟ್ಟದ್ದು ಆ ಗಳಿಗೆಯಲ್ಲಿ ಮಾತ್ರ. ಅಜ್ಜಿ ಹೇಳುತ್ತಿರುವುದು ನಿಜ ಎಂದು ನನಗೆ ಗೊತ್ತಿತ್ತು. ಮತ್ತೊಮ್ಮೆ ಅಳೆಯುತ್ತೇನೆ, ಸ್ವಲ್ಪ ಸಮಯ ಕೊಡಿ ಎಂದಿದ್ದರೆ ಸಾಕಿತ್ತು. ಆದರೆ ಮತ್ತೆ ಯಾಕೆ ಅಳೆಯಬೇಕು ಎಂದು ಕೇಳಿದರೆ? ಮೊದಲ ಸಲ ಒಳಗೆ ಹೋಗಿಲ್ಲ ಎಂಬುದು ಹೊರಬಿದ್ದರೆ? ನೌಕರಿಯದು ಹಾಗಿರಲಿ, ಊರೂರಲ್ಲಿ ಜನರನ್ನು ಬೈದು ನೆಲ ಅಳೆದವನ ಮಾನ ಏನಾಗಬೇಕು?

“ಕತ್ತಲಲ್ಲಿ ಅಜ್ಜಿಗೆ ದಿಕ್ಕು ತಪ್ಪಿದೆ ಸಾರ್. ನಾನೇ ಒಳಗೆ ಹೋಗಿ ಅಳೆದಿದ್ದೀನಿ. ಗವಿ ನೇರ ಬಡಗಲಿಗೆ ಹೋಗುತ್ತೆ” ಎಂದೆ.

ಸುತ್ತ ನಿಂತವರಲ್ಲಿ ಯಾರೋ, “ಸಾಹೇಬ್ರ ನಕ್ಷೆಗಿಂತ ನಿನ್ನ ಬಲಗೈ ದೊಡ್ಡದೇನವ್ವ?” ಎಂದರು. ನಗು ಎದ್ದಿತು. ನಾನೂ ನಕ್ಕೆ, ಹೌದು, ನಾನೂ. ಅಜ್ಜಿ ನನ್ನನ್ನೇ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹಗ್ಗದ ಈ ತುದಿಯಲ್ಲಿದ್ದವನು ನಾನೇ ಹೌದೋ ಅಲ್ಲವೋ ಎಂಬಂತೆ ನೋಡಿದಳು. ಆಮೇಲೆ ಮಣ್ಣಿನ ಬುಟ್ಟಿ ಎತ್ತಿಕೊಂಡು ಇಳಿದು ಹೋದಳು.

ಪರವಾನಗಿ ಸಿಕ್ಕಿತು. ನನಗೆ ಚನ್ನಗಿರಿಗೆ ವರ್ಗವಾಯಿತು. ನಾನೇ ಕೇಳಿಕೊಂಡು ಹೋದೆ ಎನ್ನುವುದು ಹೆಚ್ಚು ಸರಿ. ಕೆರೆಬಿಳಚಿ ಕಡೆಯ ಹೊಲ ಅಳೆಯುವಾಗ ಎಲ್ಲಿಂದಲಾದರೂ ಬಂಡೆ ಸಿಡಿಸುವ ಸದ್ದು ಕೇಳಿದರೆ ಸರಪಳಿ ಎಣಿಕೆ ತಪ್ಪುತ್ತಿತ್ತು. ಆಳುಗಳ ಮೇಲೆ ರೇಗುತ್ತಿದ್ದೆ. ಯಾರ ಮೇಲಿನ ಸಿಟ್ಟು ಯಾರ ಮೇಲೆ!

ಒಂದು ಮಧ್ಯಾಹ್ನ ಮೇಷ್ಟ್ರ ಕಾಗದ ಬಂತು. ಸಿಡಿಮದ್ದಿಗೆ ಮೂಡಲ ನಂಬರಿನಲ್ಲಿ ನೆಲ ಕುಸಿದು ಒಂದು ಪೊಳ್ಳು ತೆರೆದುಕೊಂಡಿದೆ, ಅದು ಗವಿಯೇ ಎಂದು ಅಜ್ಜಿ ಹೇಳುತ್ತಾಳೆ ಎಂದು ಬರೆದಿದ್ದರು. ಕೊನೆಗೆ ಹೀಗಿತ್ತು: ‘ತಮ್ಮ ನಕ್ಷೆಯ ಪ್ರಕಾರ ಇದು ಸಾಧ್ಯವಿಲ್ಲ. ಅಳತೆಯ ಶಾಸ್ತ್ರ ನನಗೆ ತಿಳಿಯದು. ನನಗೆ ಅರ್ಥವಾಗದ್ದು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.’ ಇನ್ನೂ ನನ್ನನ್ನೇ ನಂಬಿದ್ದರು ಪುಣ್ಯಾತ್ಮ. ಬೈದು ಬರೆದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆನೇನೋ. ಆ ‘ದಯವಿಟ್ಟು’ ಓದಿದ ಮೇಲೆ ಒಂದು ಖಾಲಿ ಹಾಳೆ ಎಳೆದುಕೊಂಡೆ.

ಮೇಲಿನವರಿಗೆ ಹೇಳಿಕೆ ಬರೆಯಲು ಕುಳಿತೆ. ಮೊದಲನೆಯದರಲ್ಲಿ ಅಂದು ನನಗೆ ಜ್ವರವಿತ್ತು ಎಂದು ಬರೆದೆ, ಹರಿದೆ. ಎರಡನೆಯದರಲ್ಲಿ ಗವಿಯಲ್ಲಿ ಹಾವಿತ್ತು ಎಂದು ಬರೆದೆ, ಅದನ್ನೂ ಹರಿದೆ. ಮೂರನೆಯದರಲ್ಲಿ, ನಾನು ಒಳಗೆ ಹೋಗಲಿಲ್ಲ, ಹೆದರಿದ್ದೆ, ಹಗ್ಗ ಒಯ್ದವಳು ಇಂಥವಳು, ಆಕೆ ತಿರುವು ಇದೆ ಎಂದು ಹೇಳಿದ್ದನ್ನು ನಾನು ಬರೆಯಲಿಲ್ಲ, ತನಿಖೆಯ ದಿನ ತಿಳಿದೂ ಸುಳ್ಳು ಹೇಳಿದೆ ಎಂದು ಬರೆದು ಸಹಿ ಹಾಕಿದೆ. ಅದರದೇ ಪ್ರತಿಯನ್ನು ಮೇಷ್ಟ್ರಿಗೆ ಕಳಿಸಿದೆ.

ಕಲ್ಲು ಒಡೆಯುವುದನ್ನು ನಿಲ್ಲಿಸಿದರು. ಅಧಿಕಾರಿಗಳ ಎದುರಿಗೆ ನಾನೇ ಮರು ಅಳತೆ ಮಾಡಬೇಕೆಂದು ಆದೇಶ ಬಂತು. ಹೊನ್ನಾಳಿ ದಾಟಿ ನ್ಯಾಮತಿಯ ಬಸ್ಸಿನಲ್ಲಿ ಕುಳಿತಾಗ ಪರಿಚಯದವರು ಯಾರೂ ಹತ್ತದಿರಲಿ ಎಂದು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದೆ.

ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ಮೇಲೆ ಮೇಷ್ಟ್ರು ಕುಳಿತಿದ್ದರು. ಜೇಬಿನಿಂದ ಒಂದು ಹಾಳೆ ತೆಗೆದು ನನ್ನ ಕೈಗಿಟ್ಟರು. ಅಂದು ನಾನು ಹೇಳಿದ್ದನ್ನು ಬರೆದುಕೊಂಡ ಹಾಳೆ. “ಇದು ನಿಮ್ಮದು, ಇಟ್ಕಳ್ರಿ” ಎಂದರು. ಕಾಲು ನೀವಿಕೊಳ್ಳುತ್ತಾ, “ನನ್ನ ಕಾಲು ನೆಟ್ಟಗಿದ್ದಿದ್ರೆ ನಿಮ್ಮನ್ನ ಕೇಳ್ತಿರ್ಲಿಲ್ಲ” ಎಂದರು. ಅಷ್ಟೇ. ಕೋಲೂರಿ ಎದ್ದು ಅಧಿಕಾರಿಗಳ ಕಡೆಗೆ ನಡೆದರು.

ಅಜ್ಜಿಯ ಮಂಡಿ ಕೆಟ್ಟಿತ್ತು, ತೆವಳಲು ಆಗುತ್ತಿರಲಿಲ್ಲ. ಅವಳನ್ನೇ ಗವಿಯ ಬಾಯಲ್ಲಿ ಕೂರಿಸಿ ಹಗ್ಗದ ತುದಿ ಅವಳ ಕೈಗೆ ಕೊಟ್ಟೆ. ಇನ್ನೊಂದು ತುದಿ ನನ್ನ ಸೊಂಟಕ್ಕೆ ಕಟ್ಟಿಕೊಂಡೆ. ಕೊರಳಲ್ಲಿ ದಿಕ್ಸೂಚಿ, ಕೈಯಲ್ಲಿ ಬ್ಯಾಟರಿ. ಬೆನ್ನಿಗೆ ಬಂಡೆ ತಾಗಿದಾಗ ಅದೇ ಹೆದರಿಕೆ ಬಂತು, ಬೆವರು ಕಣ್ಣಿಗಿಳಿಯಿತು. ಬಲಗೈ ಗೋಡೆ ಬಿಡಲಿಲ್ಲ. ಹತ್ತು ಅಡಿ ಹೋಗುವುದರೊಳಗೆ ಗೋಡೆ ಬಲಕ್ಕೆ ಹೊರಳಿತು. ದಿಕ್ಸೂಚಿ ನೋಡಿದೆ. ನೇರ ಮೂಡಲು. ಅಲ್ಲಿಯೇ ಮಣ್ಣಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಮಲಗಿದೆ.

ಒಳಗೆ ಕತ್ತಲಿರಬೇಕಾದ ಜಾಗದಲ್ಲಿ ಬಿಸಿಲಿತ್ತು. ಚಾವಣಿ ಬಿದ್ದು ಆಕಾಶ ಕಾಣುತ್ತಿತ್ತು. ಎಡಗಡೆ ನೀರು ಜಿನುಗುತ್ತಿದ್ದ ಅಂಚಿನಲ್ಲಿ ಬಿಳಿ ಮಣ್ಣು ಒಣಗಿ ಹಪ್ಪಳದ ಹಾಗೆ ಎದ್ದಿತ್ತು. ಮಂಡಿಯೂರಿ ಒಂದೊಂದೇ ಹಪ್ಪಳ ಎತ್ತಿ ಹುಡುಕಿದೆ, ಸಂದುಗಳಲ್ಲೆಲ್ಲ ಬ್ಯಾಟರಿ ಬಿಟ್ಟು ನೋಡಿದೆ. ಏನೂ ಇರಲಿಲ್ಲ. ಹಗ್ಗವನ್ನು ಒಂದು ಸಲ ಎಳೆದು ತುದಿ ಮುಟ್ಟಿದ್ದನ್ನು ತಿಳಿಸಿ, ವಾಪಸ್ಸು ತೆವಳಿದೆ. ಹೋಗಿ ಬರಲು ಹಿಡಿದದ್ದು ಅರ್ಧ ಗಂಟೆ.

ಹೊಸ ನಕ್ಷೆಯಂತೆ ಮೂಡಲ ನಂಬರನ್ನೂ ಆಮೇಲೆ ಕಾದಿರಿಸಿದರು, ಇನ್ನೊಂದು ಫಲಕ ಬಂತು. ಮೇಷ್ಟ್ರು ಮೂರು ಮಳೆಗಾಲ ಊರಿನ ಹೆಂಗಸರನ್ನು ಒಳಗೆ ಕಳಿಸಿ ಹುಡುಕಿಸಿದರಂತೆ. ಸಿಕ್ಕಲಿಲ್ಲ. ನನಗೆ ಶಿಕ್ಷೆಯೂ ಆಯಿತು. ಅದು ಬಹಳ ಸಣ್ಣದು, ಇಲ್ಲಿ ಬರೆಯುವಂಥದ್ದಲ್ಲ.

ಆ ದಿನ ಹೊರಗೆ ಬಂದು ಅಜ್ಜಿಯ ಪಕ್ಕದಲ್ಲೇ ಕುಸಿದು ಕುಳಿತೆ. “ತಪ್ಪಾಯ್ತವ್ವ” ಎಂದೆ. ಜನರ ಎದುರಿಗೇ ಹೇಳಿದೆ. ಅವಳು ಹಗ್ಗ ಸುತ್ತುತ್ತಿದ್ದಳು. ಒಳಗೆ ಏನಾದರೂ ಉಳಿದಿದೆಯೇ ಎಂದು ಕೇಳಲಿಲ್ಲ. ನನ್ನ ಮುಖದಲ್ಲೇ ತಿಳಿದಿರಬೇಕು.

“ಒಂದೇ ಸಲ ಎಳೆದ್ರಲ್ಲ ಸಾಹೇಬ್ರೆ” ಎಂದಳು. “ಅವತ್ತು ನಾನು ಮೂರು ಸಲ ಎಳೆದಿದ್ದೆ, ನೆಪ್ಪೈತಾ?”

ನೆನಪಿದೆ ಎಂದೆ.

“ಒಂದು, ತುದಿ ಮುಟ್ಟೀನಿ ಅಂತ. ಇನ್ನೆರಡು, ನೀವೂ ಬಂದು ನೋಡ್ರಿ ಅಂತ. ಬರ್ತೀರೇನೋ ಅಂತ ಅಲ್ಲೇ ಕಾದೆ.” ಸುತ್ತಿದ ಹಗ್ಗವನ್ನು ನನ್ನ ತೊಡೆಯ ಮೇಲಿಟ್ಟಳು. “ಅವತ್ತು ಬಾಳ ಇದ್ವು.”